ಅಪ್ಪ ಹೊಳಪು ಕೊಟ್ಟ ಟ್ರಂಪೆಟ್

ಜೂನ್ ೧೪

ಅಪ್ಪನಿಗೆ,

ಭಾನುವಾರ ಫೋನಿನಲ್ಲೇ ಹೇಳಬೇಕು ಅಂತಿದ್ದೆ. ನೀನು ಎಲ್ಲದಕ್ಕೂ "ಹೂಂ, ಹೂಂ" ಅಂದು ಇಟ್ಟುಬಿಟ್ಟೆ. ನನ್ನ ಬೂಟು ಹರಿದಿದೆ ಅಂದರೆ "ಒಳ್ಳೇದಾಯ್ತು ಬಿಡು" ಅಂದೆ. ಅದಕ್ಕೆ ಕಾಗದ ಬರೆಯುತ್ತಿದ್ದೇನೆ. ಕಾಗದವನ್ನಾದರೂ ನೀನು ಪೂರ್ತಿ ಓದುತ್ತೀಯ.

ವಿಷಯ ಏನೆಂದರೆ, ನಾನು ಶಾಲೆಯ ಬ್ಯಾಂಡಿಗೆ ಆಯ್ಕೆಯಾಗಿದ್ದೇನೆ. ಆರನೇ ತರಗತಿಯವರೆಲ್ಲ ಸಾಲಾಗಿ ನಿಂತೆವು. ಬ್ಯಾಂಡ್ ಮೇಷ್ಟ್ರು ಒಬ್ಬೊಬ್ಬರ ಬಾಯಿಯನ್ನೂ ದನ ಕೊಳ್ಳುವವರ ಹಾಗೆ ನೋಡುತ್ತ ಬಂದರು. ನನ್ನ ಸರದಿ ಬಂದಾಗ "ತುಟಿ ಮುಚ್ಕೊಂಡು ಬುರ್ರ್ ಅನ್ನು" ಅಂದರು. ಅಂದೆ. "ಪರವಾಗಿಲ್ಲ, ನಿಂಗೆ ಯಾವ್ದು ಬೇಕು ಕೇಳು" ಅಂದರು. ಯಾವುದು ಎಲ್ಲಕ್ಕಿಂತ ದೂರ ಕೇಳಿಸುತ್ತದೆ ಅಂತ ಕೇಳಿದೆ. "ಟ್ರಂಪೆಟ್. ಸರಿಯಾಗಿ ಊದಿದ್ರೆ ಮಲಗಿರೋ ಊರೇ ಎದ್ದು ಕೂರುತ್ತೆ" ಅಂದರು. ಹಾಗಾದರೆ ಅದೇ ಇರಲಿ ಅಂದೆ. ನೀನು ದೂರ ಇದ್ದೀಯಲ್ಲ, ಅದಕ್ಕೆ.

ಶಾಲೆಯವರು ವಾದ್ಯ ಕೊಡುವುದಿಲ್ಲ. ನಾವೇ ಕೊಳ್ಳಬೇಕು, ಇಲ್ಲ ಬಾಡಿಗೆಗೆ ತರಬೇಕು. ಅಮ್ಮ ಕೆಲಸ ಮಾಡುವ ಹೊಲಿಗೆ ಅಂಗಡಿಯ ಕೆಳಗೆ, ಮೆಟ್ಟಿಲಿಳಿದು ಹೋದರೆ, ವಾದ್ಯ ರಿಪೇರಿ ಮಾಡುವ ಒಬ್ಬರಿದ್ದಾರೆ. ಅವರು ತಿಂಗಳ ಬಾಡಿಗೆಗೆ ಕೊಡುತ್ತಾರಂತೆ. ಅಮ್ಮ "ಈಜು ಬಿಟ್ಟೆ, ಚಿತ್ರ ಬಿಟ್ಟೆ. ಇದನ್ನೂ ಬಾಡಿಗೆಗೇ ತಂದು ನೋಡೋಣ" ಅಂದಳು. ನಾನು ಇದನ್ನು ಬಿಡುವುದಿಲ್ಲ.

ಡಿಸೆಂಬರಿನಲ್ಲಿ ಬ್ಯಾಂಡಿನ ಕಾರ್ಯಕ್ರಮ ಇದೆ. ನೀನು ಬಂದು ಕೇಳಬೇಕು. ರಜೆ ಸಿಗಲಿಲ್ಲ ಅಂತ ಈಗಲೇ ಯೋಚನೆ ಮಾಡಿಡಬೇಡ.

ನಿನ್ನ ಮಗಳು


ಜೂನ್ ೨೬

ಚಿಲಕ,

ಹನ್ನೊಂದು ತುಂಬಿದರೂ ಈ ಹೆಸರು ನಿನ್ನನ್ನು ಬಿಡುವುದಿಲ್ಲ. ನಾನು ಕೆಲಸಕ್ಕೆ ಹೊರಟಾಗಲೆಲ್ಲ ಬಾಗಿಲಿನ ಚಿಲಕ ಹಿಡಿದು ಜೋತು ಬೀಳುತ್ತಿದ್ದವಳಿಗೆ ಇನ್ನೇನು ಹೆಸರಿಡಲಿ?

ಕಾಗದ ಪೂರ್ತಿ ಓದಿದೆ. ಮೂರು ಸಲ ಓದಿದೆ. ಬೂಟಿನ ವಿಷಯಕ್ಕೆ ತಪ್ಪಾಯಿತು, ಇದರ ಜೊತೆ ಹಣ ಇಟ್ಟಿದ್ದೇನೆ. ಫೋನಿನಲ್ಲಿ ಈ ಕಾರ್ಖಾನೆಯ ಗದ್ದಲ ನಿನಗೆ ಗೊತ್ತಲ್ಲ. ಹನ್ನೆರಡು ಮೋಟಾರು, ಹಿತ್ತಾಳೆ ಉಜ್ಜುವ ಹನ್ನೆರಡು ಚಕ್ರ, ಒಂದಕ್ಕಿಂತ ಒಂದು ಕಿರುಚುತ್ತವೆ. ಪಕ್ಕದ ಚಕ್ರದವನೂ ನಾನೂ ಎರಡು ವರ್ಷದಿಂದ ಸನ್ನೆಯಲ್ಲೇ ಸಂಸಾರ ಮಾಡುತ್ತಿದ್ದೇವೆ. ಅವನ ದನಿ ಹೇಗಿದೆ ಎಂದು ನನಗೆ ಗೊತ್ತಿಲ್ಲ.

ಬಾಡಿಗೆಯ ಮಾತು ಬಿಡು. ಎಷ್ಟು ಮಕ್ಕಳ ಎಂಜಲು ಅದರೊಳಗೆ ಇದೆಯೋ. ಬಾಡಿಗೆ ಮನೆಯಲ್ಲಿ ಒಂದು ಮೊಳೆ ಹೊಡೆಯುವುದಕ್ಕೂ ಇನ್ನೊಬ್ಬರನ್ನು ಕೇಳಬೇಕು, ಬಾಡಿಗೆ ವಾದ್ಯವೂ ಅಷ್ಟೇ. ಇಲ್ಲಿ ಹಳೇ ಸಾಮಾನಿನ ಅಂಗಡಿಯೊಂದರಲ್ಲಿ ಒಂದು ಟ್ರಂಪೆಟ್ ನೇತುಹಾಕಿದ್ದನ್ನು ನೋಡಿದ್ದೇನೆ. ಮಸಿ ಹಿಡಿದು ಕಪ್ಪಾಗಿದೆ. ಕಪ್ಪಾದರೆ ಏನು, ನಿಮ್ಮಪ್ಪ ಇಪ್ಪತ್ತೆರಡು ವರ್ಷದಿಂದ ಹಿತ್ತಾಳೆಯ ಮುಖ ತೊಳೆಯುತ್ತಿರುವವನು. ಊರಿನ ಅರ್ಧದಷ್ಟು ನಲ್ಲಿ, ಬಾಗಿಲ ಹಿಡಿಕೆಗಳು ನನ್ನ ಚಕ್ರದ ಕೆಳಗೆ ಹಾದು ಹೊಳೆದವು. ಸ್ವಲ್ಪ ತಾಳು.

ಡಿಸೆಂಬರಿಗೆ ಬರುತ್ತೇನೆ. ಅದು ಮಾತು.

ಅಪ್ಪ


ಜುಲೈ ೧೮

ಅಪ್ಪನಿಗೆ,

ನೀನು ತಾಳು ಅಂದೆ, ಮೇಷ್ಟ್ರು ತಾಳಲಿಲ್ಲ. ಜುಲೈ ಒಂದಕ್ಕೆ ವಾದ್ಯ ಇಲ್ಲದವರು ಬರಬೇಡಿ ಅಂದರು. ಅದಕ್ಕೆ ಅಮ್ಮ ಬಾಡಿಗೆಗೆ ತಂದಳು. ಅಂಗಡಿಯಲ್ಲಿ ಉಳಿದಿದ್ದ ಕೊನೆಯ ಟ್ರಂಪೆಟ್ ಇದು. ನಮ್ಮ ಹಿಂದೆ ಇನ್ನೂ ನಾಲ್ಕು ಮನೆಯವರು ಹೆಸರು ಬರೆಸಿ ಕಾಯುತ್ತಿದ್ದಾರಂತೆ.

ಅದರ ಬಾಯಿಯ ಹತ್ತಿರ ಒಂದು ಕಡೆ ನಗ್ಗಿದೆ. ಪೆಟ್ಟಿಗೆ ಮುಚ್ಚಿಟ್ಟ ಕಪಾಟಿನ ಹಾಗೆ ವಾಸನೆ ಬರುತ್ತದೆ. ಆದರೂ ಚೆನ್ನಾಗಿದೆ. ಮೊದಲ ವಾರ ಬರೀ ಗಾಳಿ ಬಂತು. ಎರಡನೇ ವಾರ ಸದ್ದು ಬಂತು. ಮೇಲಿನ ಮನೆಯ ಅಜ್ಜಿ ಇಳಿದು ಬಂದು ಅಮ್ಮನ ಹತ್ತಿರ "ಎಮ್ಮೆ ಏನಾದ್ರೂ ತಂದು ಕಟ್ಟಿದೀರಾ?" ಅಂತ ಕೇಳಿದರು. ಅಮ್ಮ ನಗಲೂ ಇಲ್ಲ, ಬೈಯಲೂ ಇಲ್ಲ. ನಾನು ಊದಲು ಶುರು ಮಾಡಿದರೆ ಹೊಲಿಗೆ ಯಂತ್ರವನ್ನು ಇನ್ನಷ್ಟು ಜೋರಾಗಿ ತುಳಿಯುತ್ತಾಳೆ.

ಈಗ ಒಂದೇ ಸ್ವರವನ್ನು ಹನ್ನೆರಡು ಎಣಿಸುವವರೆಗೆ ಹಿಡಿಯುತ್ತೇನೆ. ಐದು ಜನ ಟ್ರಂಪೆಟ್ಟಿನವರಲ್ಲಿ ನಾನು ಎರಡನೆಯವಳು ಅಂತ ಮೇಷ್ಟ್ರು ಹೇಳಿದರು. "ಹೀಗೇ ಹೋದ್ರೆ ಡಿಸೆಂಬರಲ್ಲಿ ಒಂದು ಸಾಲು ನೀನೊಬ್ಬಳೇ ಊದ್ಬಹುದು" ಅಂದರು. ಒಂದು ಸಾಲು ಅಂದರೆ ನಿನಗೆ ಕಡಿಮೆ ಅನಿಸಬಹುದು. ಉಳಿದವರೆಲ್ಲ ಸುಮ್ಮನಿದ್ದು ನಾನೊಬ್ಬಳೇ, ಗೊತ್ತಾಯಿತಾ?

ನಿನ್ನ ಮಗಳು


ಆಗಸ್ಟ್ ೮

ಚಿಲಕ,

ಈ ಕಾಗದದ ಜೊತೆಗೇ ಒಂದು ಮರದ ಪೆಟ್ಟಿಗೆ ಬರುತ್ತದೆ. ಮೊದಲು ಕಿಟಕಿಯ ಪರದೆ ಎಳೆದು ಆಮೇಲೆ ಪೆಟ್ಟಿಗೆ ತೆಗೆ, ಇಲ್ಲದಿದ್ದರೆ ಕಣ್ಣು ಕುಕ್ಕೀತು.

ಹನ್ನೊಂದು ದಿನ ಊಟದ ಬಿಡುವಿನಲ್ಲಿ ಕೆಲಸ ಮಾಡಿದೆ. ಮೇಸ್ತ್ರಿಯ ಕೈಕಾಲು ಹಿಡಿದು ಚಕ್ರ ಬಿಡಿಸಿಕೊಂಡೆ. ಮೊದಲು ಒರಟು ಬಟ್ಟೆಯ ಚಕ್ರ, ಆಮೇಲೆ ಹತ್ತಿಯದು, ಕೊನೆಗೆ ಮೆತ್ತನೆಯ ತೊಗಲು. ಒಂದು ಕೊಳವೆಯ ಬೆನ್ನನ್ನೂ ಬಿಡಲಿಲ್ಲ. ನೀನು ಬೆರಳಿಂದ ಒತ್ತುವ ಮೂರು ಗುಂಡಿಗಳಿವೆಯಲ್ಲ, ಅವುಗಳ ಕೆಳಗಿನ ಪಿಸ್ಟನ್‌ಗಳನ್ನೂ ಹೊರಗೆ ತೆಗೆದೆ. ಪಾಪ, ಬೂದಿ ಬಳಿದುಕೊಂಡ ಹಾಗೆ ಇದ್ದವು. ಅವಕ್ಕೂ ಕನ್ನಡಿಯ ಹೊಳಪು ಕೊಟ್ಟೆ. ಪಕ್ಕದ ಚಕ್ರದವನು, ಒಳಗಿರುವುದಕ್ಕೆ ಯಾಕಯ್ಯಾ ಎಂದು ಸನ್ನೆ ಮಾಡಿದ. ಹೊರಗಿನದನ್ನು ಯಾರಾದರೂ ಉಜ್ಜಿಯಾರು. ಕಣ್ಣಿಗೆ ಬೀಳದ ಜಾಗದಲ್ಲಿ ಮಾಡಿದ್ದೇ ಕೆಲಸ.

ನಾನೂ ಒಮ್ಮೆ ಊದಿ ನೋಡಿದೆ. ಬೂಂ ಅಂದಿತು, ಕೈಯೆಲ್ಲ ಝುಮ್ಮೆಂದಿತು. ಚೆನ್ನಾಗಿದೆ.

ಬಾಡಿಗೆಯದನ್ನು ಈ ದಿನವೇ ವಾಪಸ್ ಕೊಟ್ಟುಬಿಡು. ಎರಡು ದೋಣಿಯ ಮೇಲೆ ಕಾಲಿಡಬಾರದು. ಇನ್ನು ಮೇಲೆ ನಿನ್ನದು ನಿನ್ನದೇ. ಆ ಒಂಟಿ ಸಾಲನ್ನು ಇದರಲ್ಲೇ ಊದು, ನಾನು ಮುಂದೆ ಕೂತು ಕೇಳುತ್ತೇನೆ.

ಅಪ್ಪ


ಆಗಸ್ಟ್ ೧೯

ಅಪ್ಪನಿಗೆ,

ಪೆಟ್ಟಿಗೆ ಬಂತು. ಇಷ್ಟು ಹೊಳೆಯುವ ವಸ್ತು ನಮ್ಮ ಮನೆಯಲ್ಲಿ ಬೇರೆ ಯಾವುದೂ ಇಲ್ಲ. ಅಮ್ಮ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ಮೇಲಿನ ಮನೆ ಅಜ್ಜಿ ಅದರಲ್ಲಿ ಮುಖ ನೋಡಿ ತಲೆ ಬಾಚಿಕೊಂಡರು. ನಿಜವಾಗಿಯೂ ಬಾಚಿಕೊಂಡರು.

ನೀನು ಹೇಳಿದ ಹಾಗೆ ಬಾಡಿಗೆಯದನ್ನು ಅದೇ ಸಂಜೆ ಕೊಟ್ಟು ಬಂದೆವು.

ಇದರಲ್ಲಿ ಸ್ವಲ್ಪ ಬೇರೆ ಥರ ಊದಬೇಕು ಅನಿಸುತ್ತದೆ. ಅಭ್ಯಾಸ ಆಗಬೇಕು. ನೀನು ತುಂಬಾ ಕಷ್ಟಪಟ್ಟಿದ್ದೀಯ. ನನಗೆ ತುಂಬಾ ಇಷ್ಟವಾಯಿತು.

ನಿನ್ನ ಮಗಳು


ಆಗಸ್ಟ್ ೩೦

ಮಹಡಿಯ ಹೊಲಿಗೆ ಅಂಗಡಿಯ ಅಮ್ಮನವರಿಗೆ,

ನೀವು ಬಿಟ್ಟುಹೋದ ಟ್ರಂಪೆಟ್ಟನ್ನು ಬಿಚ್ಚಿ ನೋಡಿದೆ. ಮಗುವಿನ ಮುಂದೆ ಹೇಳುವುದು ಬೇಡವೆನಿಸಿ ಈ ಚೀಟಿ ಬರೆಯುತ್ತಿದ್ದೇನೆ.

ಇದು ಇನ್ನು ನುಡಿಯುವುದಿಲ್ಲ. ಪಿಸ್ಟನ್ನಿಗೂ ಅದು ಕೂರುವ ಗೂಡಿಗೂ ನಡುವೆ ಎಣ್ಣೆಯ ಒಂದು ಪೊರೆ ಹಿಡಿಸುವಷ್ಟೇ ಜಾಗ ಇರಬೇಕು. ಇವನ್ನು ಯಾರೋ ಚಕ್ರಕ್ಕೆ ಹಿಡಿದು ಉಜ್ಜಿದ್ದಾರೆ. ಆ ಬೂದುಬಣ್ಣ ಕೊಳೆಯಲ್ಲ, ಅದೇ ಅದರ ಮೈ. ಅದು ಸವೆದಿದೆ. ಬೆರಳು ಯಾವ ಗುಂಡಿ ಒತ್ತಿದರೂ ಉಸಿರು ಸಂದಿಯಲ್ಲೇ ಸೋರಿ ಹೋಗುತ್ತದೆ. ಮತ್ತೆ ಲೋಹದ ಲೇಪ ಕಟ್ಟಿಸುವುದಕ್ಕಿಂತ ಹೊಸದು ಕೊಳ್ಳುವುದು ಸುಲಭ. ಮಗು ಎರಡು ವಾರದಿಂದ ಇದರೊಂದಿಗೆ ಹೆಣಗುತ್ತಿದೆ, ತನ್ನ ತುಟಿಯದೇ ತಪ್ಪು ಎಂದುಕೊಂಡಿದೆ. ಹಾಗಲ್ಲವೆಂದು ಅದಕ್ಕೆ ಹೇಳಿ.

ಒಂದು ಮಾತು ಹೇಳಲೇಬೇಕು. ಈ ಹೊಳಪನ್ನು ನೋಡಿ ನಾನು ಐದು ನಿಮಿಷ ಕೆಲಸ ಬಿಟ್ಟು ಕೂತೆ. ಇಂಥ ಕೈ ನಾನು ನೋಡಿಲ್ಲ. ಆದರೆ ಒಂದು ಅರ್ಥವಾಗಲಿಲ್ಲ. ಅವರು ತಾವೇ ಊದಿ ನೋಡಿ, ಚೆನ್ನಾಗಿದೆ ಎಂದು ಬರೆದಿದ್ದಾರೆಂದು ಮಗು ಹೇಳಿತು. ಊದಿದರೆ ಸೈಕಲ್ಲಿನ ಟ್ಯೂಬು ತೂತಾದ ಹಾಗೆ ಸುಸ್ಸೆಂದು ಗಾಳಿ ಹೋಗುತ್ತದೆ, ಬೀದಿಯಲ್ಲಿ ನಿಂತವರಿಗೂ ತಿಳಿಯುತ್ತದೆ. ಅವರಿಗೆ ಅದು ಕೇಳಿಸಲಿಲ್ಲವೇ?

ನೀವು ವಾಪಸ್ ಕೊಟ್ಟ ಟ್ರಂಪೆಟ್ ಮಾರನೆಯ ದಿನವೇ ಇನ್ನೊಂದು ಮಗುವಿನ ಕೈ ಸೇರಿತು. ನಿಮ್ಮ ಹೆಸರನ್ನು ಪಟ್ಟಿಯ ಕೊನೆಗೆ ಬರೆದುಕೊಂಡಿದ್ದೇನೆ. ಪ್ರತಿ ವರ್ಷ ಕೆಲವು ಮಕ್ಕಳು ಬೇಸತ್ತು ಬಿಡುತ್ತಾರೆ. ಆದರೆ ಯಾವಾಗ ಎಂದು ನಾನು ಹೇಳಲಾರೆ.

ವಾದ್ಯ ರಿಪೇರಿಯವ


ಸೆಪ್ಟೆಂಬರ್ ೫

ಮಗಳ ಅಪ್ಪನಿಗೆ,

ಎರಡು ವರ್ಷದಲ್ಲಿ ನಾನು ನಿಮಗೆ ಬರೆಯುತ್ತಿರುವ ಮೊದಲ ಕಾಗದ ಇದು. ರಿಪೇರಿಯವರ ಚೀಟಿಯನ್ನು ಜೊತೆಗಿಟ್ಟಿದ್ದೇನೆ, ಮೊದಲು ಅದನ್ನು ಓದಿ. ಟ್ರಂಪೆಟ್ ಹಾಳಾಗಿದೆ ಅಂತ ನಿಮಗೆ ಹೇಳಬಾರದೆಂದು ಅವಳು ನನ್ನಿಂದ ಮಾತು ತೆಗೆದುಕೊಂಡಿದ್ದಾಳೆ. ನಾನು ಮಾತು ಮುರಿಯುತ್ತಿದ್ದೇನೆ. ಅವಳು ಮುಚ್ಚಿದ ಬಾಗಿಲಿನ ಹಿಂದೆ ಆ ವಾದ್ಯವನ್ನು ಇಟ್ಟುಕೊಂಡು ಅಳುತ್ತಿದ್ದಳು. ಹೊರಗೆ ಬಂದು "ಅಪ್ಪ ಕೊಟ್ಟಿದ್ದು ಚೆನ್ನಾಗೇ ಇದೆ, ನಂಗೇ ಊದಕ್ಕೆ ಬರಲ್ಲ" ಅನ್ನುತ್ತಿದ್ದಳು.

ನಿಮ್ಮ ಮೇಲೆ ಸಿಟ್ಟಿನಿಂದ ಬರೆಯುತ್ತಿಲ್ಲ. ಚೀಟಿಯ ಆ ಪ್ರಶ್ನೆ ನನ್ನನ್ನು ಬಿಡುತ್ತಿಲ್ಲ. ನಿಮಗೆ ಯಾವಾಗಿನಿಂದ ಕೇಳಿಸುತ್ತಿಲ್ಲ?

ಅದನ್ನು ಓದಿದ ಮೇಲೆ ಹಳೆಯದೆಲ್ಲ ಒಂದೊಂದಾಗಿ ಎದ್ದು ಬರುತ್ತಿದೆ. ನಾನು ಅಡುಗೆಮನೆಯಿಂದ ಕರೆದರೆ ನೀವು ಓಗೊಡುತ್ತಿರಲಿಲ್ಲ. ಅವಳ ಜ್ವರದ ಬಗ್ಗೆ ಹೇಳಿದರೆ ಸುಮ್ಮನೆ ನಗುತ್ತಿದ್ದಿರಿ. ನಿಮ್ಮ ಹತ್ತಿರ ಮಾತಾಡುವುದು ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಅಂತ ನಾನು ಎಷ್ಟು ಸಲ ಅಂದೆನೋ. ಜಾಣಕಿವುಡು ಅಂತ ನನ್ನ ಅಕ್ಕನ ಮುಂದೆಯೂ ಅಂದೆ. ನೀವು ನನ್ನನ್ನು ಮನುಷ್ಯಳೆಂದು ಲೆಕ್ಕಕ್ಕೇ ತೆಗೆದುಕೊಂಡಿಲ್ಲ ಎಂದುಕೊಂಡೇ ನಾಲ್ಕು ವರ್ಷ ಕಳೆದೆ.

ಇನ್ನೊಂದು ಕೇಳಬೇಕು. ನೀವು ಹೊರಟ ದಿನ ನಾನು ಬಾಗಿಲಿಗೆ ಬೆನ್ನು ಹಾಕಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದೆ. ನೀವು ಚೀಲ ಹಿಡಿದು ನಿಂತಿದ್ದು ಗೊತ್ತಿತ್ತು. ತಿರುಗದೆಯೇ "ಹೋಗ್ಬೇಡಿ" ಅಂದೆ. ಎರಡು ಸಲ ಅಂದೆ. ನೀವು ಒಂದು ಕ್ಷಣ ನಿಂತು ಹೊರಟುಹೋದಿರಿ. ಅದು ನಿಮಗೆ ಕೇಳಿಸಿತ್ತಾ?

ಮಗಳ ಅಮ್ಮ


ಸೆಪ್ಟೆಂಬರ್ ೧೭

ಅವಳ ಅಮ್ಮನಿಗೆ,

ಕೇಳಿಸಿರಲಿಲ್ಲ.

ನಿನ್ನ ಬೆನ್ನು ಮಾತ್ರ ಕಂಡಿತ್ತು. ತಿರುಗಿ ನೋಡಲೂ ಮನಸ್ಸಿಲ್ಲ, ಇನ್ನೇನು ಉಳಿಯಿತು ಎಂದುಕೊಂಡು ಮೆಟ್ಟಿಲಿಳಿದೆ. ನಿನ್ನ ಕಾಗದ ಬಂದು ಐದು ದಿನವಾಯಿತು. ಈ ಎರಡು ಸಾಲು ಬರೆಯುವುದಕ್ಕೇ ಅಷ್ಟು ದಿನ ಬೇಕಾಯಿತು.

ಶುರುವಾಗಿ ಆರು ವರ್ಷವಾಗಿರಬೇಕು. ಮೊದಲು ಹೋದದ್ದು ಹಕ್ಕಿಗಳ ಸದ್ದು. ಹಕ್ಕಿಗಳ ಲೆಕ್ಕ ಯಾರಿಡುತ್ತಾರೆ, ನನಗೆ ಗೊತ್ತೇ ಆಗಲಿಲ್ಲ. ಆಮೇಲೆ ಹೆಂಗಸರ, ಮಕ್ಕಳ ದನಿ ಹೋಯಿತು. ಗಂಡಸರ ದಪ್ಪ ದನಿ ಉಳಿದಿತ್ತು. ಅದಕ್ಕೇ ಗೆಳೆಯರ ಜೊತೆ ನಗುತ್ತಿದ್ದವನು ಮನೆಗೆ ಬಂದರೆ ಮೂಕನಾಗುತ್ತಿದ್ದೆ. ನಿನಗೆ ಅನಿಸಿದ್ದರಲ್ಲಿ ತಪ್ಪಿಲ್ಲ, ಹೊರಗಿನಿಂದ ನೋಡಿದರೆ ಹಾಗೇ ಕಾಣುತ್ತಿತ್ತು. ಹೇಳಿದ್ದರೆ ಕೆಲಸ ಹೋಗುತ್ತಿತ್ತು, ಕಿವುಡನನ್ನು ಚಕ್ರದ ಮುಂದೆ ನಿಲ್ಲಿಸುವುದಿಲ್ಲ. ಮೊದಲು ಆ ಹೆದರಿಕೆಯಿಂದ ಹೇಳಲಿಲ್ಲ. ಆಮೇಲೆ ಇಷ್ಟು ದಿನ ಮುಚ್ಚಿಟ್ಟ ನಾಚಿಕೆಯಿಂದ ಹೇಳಲಿಲ್ಲ. ಜಾಣಕಿವುಡು ಅಂದೆಯಲ್ಲ, ಅದರಲ್ಲಿ ಜಾಣತನವೊಂದು ಇರಲಿಲ್ಲ, ಉಳಿದದ್ದು ನಿಜ.

ಈಗ ಬಲಗಿವಿ ಪೂರ್ತಿ ಹೋಗಿದೆ. ಎಡಗಿವಿಯಲ್ಲಿ ಸ್ವಲ್ಪ ಉಳಿದಿದೆ. ವರ್ಷ ಮುಗಿಯುವುದರೊಳಗೆ ಅದೂ ಹೋದೀತು ಎಂದು ಡಾಕ್ಟರು ಬರೆದು ತೋರಿಸಿದರು. ಕಿವಿಗೆ ಯಂತ್ರ ಹಾಕಿಕೊಂಡು ನೋಡಿದೆ, ಗದ್ದಲ ದೊಡ್ಡದಾಯಿತೇ ಹೊರತು ಮಾತು ಬರಲಿಲ್ಲ. ಈ ಕೆಲಸ ಬಿಡು ಅಂದರು. ಬಿಟ್ಟು ನಾನು ಏನು ಮಾಡಲಿ?

ಸುಸ್ಸೆನ್ನುವ ಸದ್ದು ನನ್ನಿಂದ ಮೊದಲೇ ಹೋದ ಸದ್ದುಗಳಲ್ಲೊಂದು. ಟ್ರಂಪೆಟ್ ಊದಿದಾಗ ಕೈಗೆ ತಾಗಿದ್ದನ್ನೇ ನಾದ ಎಂದುಕೊಂಡೆ. ಹಿತ್ತಾಳೆಯ ಮೇಲಿನ ಕೊಳೆ ಯಾವುದು, ಮೈ ಯಾವುದು ಎಂದು ಗೊತ್ತಾಗದೆ ಹೋಯಿತಲ್ಲ, ಅದೂ ನನಗೆ. ಅವಳು ಟ್ರಂಪೆಟ್ ಆರಿಸಿದ್ದು ಓದಿದ ದಿನ ನಾನು ರೂಮಿನಲ್ಲಿ ಒಬ್ಬನೇ ನಕ್ಕಿದ್ದೆ. ಬೇರೆ ಯಾವುದಾದರೂ ಆಗಿದ್ದರೆ ಆಸೆ ಇರಲಿಲ್ಲ. ಟ್ರಂಪೆಟ್ ಆದರೆ ಡಿಸೆಂಬರಿನವರೆಗೆ ಈ ಕಿವಿ ತಡೆದುಕೊಂಡರೆ ಸಾಕು, ಕೇಳಿಸೀತು ಅಂದುಕೊಂಡೆ. ನನಗೆ ಇನ್ನು ಬೇರೆ ಏನನ್ನೂ ಕೇಳಿಸಿಕೊಳ್ಳಬೇಕಾಗಿಲ್ಲ. ಅವಳಿಗೆ ಹೇಗಾದರೂ ಮಾಡಿ ಒಂದು ವಾದ್ಯ ಕೊಡಿಸು. ಹಣ ಕಳಿಸುತ್ತೇನೆ.

ಹೋಗಬೇಡಿ ಅಂದಿದ್ದೆ ಎಂದು ಬರೆದೆ. ಅದನ್ನು ಓದಲಾದರೂ ಸಿಕ್ಕಿತು. ತಡವಾಯಿತು, ಅದಕ್ಕೆ ಯಾರನ್ನು ಬೈಯಲಿ?

ಅವಳ ಅಪ್ಪ


ನವೆಂಬರ್ ೨೦

ಅಪ್ಪನಿಗೆ,

ಇಷ್ಟು ದಿನ ಬರೆಯಲಿಲ್ಲ. ಕೈಯಲ್ಲಿ ವಾದ್ಯ ಇಲ್ಲದೆ ಏನು ಬರೆಯುವುದು ಅಂತ ಸುಮ್ಮನಿದ್ದೆ. ಈಗ ಸಿಕ್ಕಿದೆ. ಹದಿನೈದಕ್ಕೆ ಸಿಕ್ಕಿತು.

ಅಮ್ಮ ಎಲ್ಲ ಹೇಳಿದಳು. ನಿನ್ನ ಕಿವಿಯ ವಿಷಯ ಹೇಳಿದಳು, ಡಾಕ್ಟರು ಬರೆದದ್ದನ್ನೂ ಹೇಳಿದಳು. ಅವಳನ್ನು ಬೈಯಬೇಡ, ನಾನೇ ಪೀಡಿಸಿದೆ. ನಿನ್ನ ಹಣದಲ್ಲಿ ಹೊಸದು ಬರುವುದಿಲ್ಲ ಅಂತ ಗೊತ್ತಾದ ಮೇಲೆ ನಾವು ಪಟ್ಟಿಯಲ್ಲೇ ಕಾದೆವು. ನಾನು ದಿನಾ ಬ್ಯಾಂಡ್ ಕೋಣೆಗೆ ಹೋಗಿ ಹಿಂದೆ ಕೂರುತ್ತಿದ್ದೆ. ಪೆನ್ಸಿಲ್ಲಿನ ಮೇಲೆ ಬೆರಳು ಒತ್ತುತ್ತಿದ್ದೆ. ಒಂದು ಕೆಟ್ಟ ಕೆಲಸವನ್ನೂ ಮಾಡುತ್ತಿದ್ದೆ, ಹೇಳಿಬಿಡುತ್ತೇನೆ. ಟ್ರಂಪೆಟ್ಟಿನವರಲ್ಲಿ ಯಾರಿಗೆ ಸುಸ್ತಾಗಿದೆ, ಯಾರಿಗೆ ಬೈಗುಳ ಬಿತ್ತು ಅಂತ ನೋಡುತ್ತಿದ್ದೆ. ಒಬ್ಬ ಹುಡುಗಿ ಇದ್ದಳು, ಗಣಿತದಲ್ಲಿ ಹಿಂದೆ ಬಿದ್ದಿದ್ದಳು. ಅವಳ ಅಮ್ಮ ಬಿಡಿಸಿದರು. ಅವಳದೂ ಬಾಡಿಗೆಯದೇ, ಅಷ್ಟರಲ್ಲಿ ಪಟ್ಟಿಯಲ್ಲಿ ನಮ್ಮ ಸರದಿ ಬಂದಿತ್ತು. ಅವಳು ಅಳುತ್ತ ಪೆಟ್ಟಿಗೆ ಕೊಟ್ಟಳು, ನಾನು ತೆಗೆದುಕೊಂಡೆ. ಅವಳಿಗೆ ಸಮಾಧಾನ ಹೇಳಬೇಕು ಅನಿಸಿತು, ಆದರೆ ಪೆಟ್ಟಿಗೆ ಹಿಡಿದುಕೊಂಡು ಮನೆಗೆ ಓಡಿದೆ.

ಅದೇ ನಗ್ಗಿದ ಟ್ರಂಪೆಟ್ ಅಲ್ಲ, ಬೇರೆಯದು. ಮೂರು ತಿಂಗಳಲ್ಲಿ ನನ್ನ ತುಟಿ ಎಲ್ಲ ಮರೆತುಬಿಟ್ಟಿದೆ. ಹನ್ನೆರಡು ಎಣಿಸುತ್ತಿದ್ದವಳು ಈಗ ಐದಕ್ಕೇ ನಿಲ್ಲುತ್ತೇನೆ. ಆ ಒಂಟಿ ಸಾಲು ಬೇರೆಯವರಿಗೆ ಹೋಯಿತು. ಪರವಾಗಿಲ್ಲ. ಬೆಳಿಗ್ಗೆ ಒಂದು ಗಂಟೆ, ಸಂಜೆ ಎರಡು ಗಂಟೆ ಊದುತ್ತಿದ್ದೇನೆ. ಮೇಲಿನ ಮನೆ ಅಜ್ಜಿ ಕಿವಿಗೆ ಹತ್ತಿ ಇಟ್ಟುಕೊಂಡಿದ್ದೇನೆ, ಊದಮ್ಮಾ ಅಂದಿದ್ದಾರೆ. ಮೇಷ್ಟ್ರು "ನೋಡೋಣ" ಅಂತ ಮಾತ್ರ ಅನ್ನುತ್ತಾರೆ.

ಡಿಸೆಂಬರ್ ಇಪ್ಪತ್ತಕ್ಕೆ. ಮೊದಲ ಸಾಲಿನಲ್ಲಿ ಎಡಕ್ಕೆ ಕೂರು, ಟ್ರಂಪೆಟ್ಟಿನವರು ಆ ಕಡೆಗೇ ನಿಲ್ಲುತ್ತೇವೆ. ನಿನ್ನ ಎಡಗಿವಿ ನಮ್ಮ ಕಡೆಗೆ ಇರಲಿ. ಅಲ್ಲಿಯವರೆಗೆ ಚಕ್ರದ ಹತ್ತಿರ ಕಿವಿಗೆ ಹತ್ತಿ ಇಟ್ಟುಕೋ. ಇಪ್ಪತ್ತು ಅಂದರೆ ಇನ್ನು ಮೂವತ್ತು ದಿನ.

ನಿನ್ನ ಮಗಳು


ಡಿಸೆಂಬರ್ ೧೦

ಮಗಳ ಅಪ್ಪನಿಗೆ,

ಕಾರ್ಯಕ್ರಮ ನಾಲ್ಕು ಗಂಟೆಗೆ. ಬಸ್ ನಿಲ್ದಾಣದಿಂದ ಶಾಲೆಗೆ ಹತ್ತು ನಿಮಿಷದ ದಾರಿ. ಗೇಟಿನ ಹತ್ತಿರ ನಾನೇ ನಿಂತಿರುತ್ತೇನೆ. ನಿಮ್ಮ ಎದುರಿಗೆ ನಿಂತೇ ಮಾತಾಡುತ್ತೇನೆ, ನಿಧಾನವಾಗಿ. ಬೆನ್ನು ಹಾಕಿ ಮಾತಾಡುವ ಅಭ್ಯಾಸವನ್ನು ಬಿಟ್ಟಿದ್ದೇನೆ, ಈಗ ಅಂಗಡಿಯಲ್ಲೂ.

ಅವಳ ತುಟಿ ಒಡೆದಿದೆ, ಮುಲಾಮು ಹಚ್ಚುತ್ತಿದ್ದೇನೆ. ಸಾಕು ಮಲಗು ಅಂದರೆ "ಅಪ್ಪಂಗೆ ಕೇಳ್ಬೇಕಲ್ಲ" ಅನ್ನುತ್ತಾಳೆ. ಬರುವುದನ್ನು ಮಾತ್ರ ತಪ್ಪಿಸಬೇಡಿ.

ಮಗಳ ಅಮ್ಮ


ಡಿಸೆಂಬರ್ ೨೪

ಅಪ್ಪನಿಗೆ,

ನೀನು ಬಂದೆ. ನಾನು ವೇದಿಕೆಯ ಮೇಲಿಂದ ಮೊದಲು ನೋಡಿದ್ದೇ ನಿನ್ನನ್ನು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಅಮ್ಮನ ಪಕ್ಕ ಕೂತಿದ್ದೆ, ಹೇಳಿದ ಜಾಗದಲ್ಲೇ. ಎಲ್ಲರೂ ಮೇಷ್ಟ್ರನ್ನು, ಒಂಟಿ ಸಾಲು ಊದಿದವನನ್ನು ನೋಡುತ್ತಿದ್ದರು. ನೀನು ಮಾತ್ರ ನನ್ನನ್ನೇ ನೋಡುತ್ತಿದ್ದೆ.

ಮುಗಿದ ಮೇಲೆ ಕೆಳಗೆ ಓಡಿ ಬಂದರೆ ನೀನು ನನ್ನ ಗಲ್ಲ ಹಿಡಿದು ಮುಖ ನೋಡಿದೆ, ತಲೆ ಸವರಿದೆ, ಬಸ್ಸಿಗೆ ಹೊತ್ತಾಯಿತು ಅಂದೆ. ಅಷ್ಟೇ. ಅಮ್ಮ ತುಂಬಾ ಚೆನ್ನಾಗಿ ಊದಿದೆ ಅಂದಳು. ಮೇಲಿನ ಮನೆ ಅಜ್ಜಿ ಕೂಡ ಅಂದರು.

ನಿನಗೆ ಕೇಳಿಸಿತಾ? ಸ್ವಲ್ಪವಾದರೂ ಕೇಳಿಸಿತಾ? ನಿಜ ಬರಿ.

ನಿನ್ನ ಮಗಳು


ಜನವರಿ ೬

ಮಗಳೇ,

ನಿಜ ಬರಿ ಅಂದೆ, ಬರೆಯುತ್ತೇನೆ. ಕೇಳಿಸಲಿಲ್ಲ. ಡಿಸೆಂಬರ್ ಮೊದಲ ವಾರದಲ್ಲೇ ಎಡಗಿವಿಯೂ ಕೈಕೊಟ್ಟಿತು. ಒಂದು ಬೆಳಿಗ್ಗೆ ಕಾರ್ಖಾನೆಗೆ ಹೋದರೆ ಹನ್ನೆರಡು ಚಕ್ರಗಳೂ ಸುಮ್ಮನೆ ತಿರುಗುತ್ತಿದ್ದವು. ನಿಮ್ಮಮ್ಮನಿಗೂ ತಿಳಿಸಲಿಲ್ಲ. ಬರುವುದೇ ಬೇಡ ಎಂದು ಎರಡು ದಿನ ಅಂದುಕೊಂಡೆ. ಆದರೆ ನೀನು ಅಲ್ಲಿ ನಿಂತು ಖಾಲಿ ಕುರ್ಚಿ ನೋಡುವುದನ್ನು ನೆನೆದು ಬಸ್ಸು ಹತ್ತಿದೆ.

ಬೇರೆಯವರಿಗೆ ಕೇಳುವುದಿತ್ತು, ನನಗೆ ನೋಡುವುದು ಬಿಟ್ಟರೆ ಬೇರೆ ಕೆಲಸವಿರಲಿಲ್ಲ. ಒಂದೂವರೆ ಗಂಟೆ ನಿನ್ನೊಬ್ಬಳನ್ನೇ ನೋಡಿದೆ. ಮೇಷ್ಟ್ರು ಕೈ ಎತ್ತಿದಾಗ ನಿನ್ನ ಅಕ್ಕಪಕ್ಕದ ಮಕ್ಕಳು ಉಸಿರೆಳೆದುಕೊಂಡರು, ಎಲ್ಲರ ಭುಜಗಳೂ ಏರಿದವು. ನಿನ್ನದು ಏರಲಿಲ್ಲ. ಬೆರಳುಗಳು ಸರಿಯಾಗಿಯೇ ಓಡುತ್ತಿದ್ದವು, ಒಂದೂ ತಪ್ಪಲಿಲ್ಲ. ಕುತ್ತಿಗೆಯ ನರ ಮಾತ್ರ ಒಮ್ಮೆಯೂ ಉಬ್ಬಲಿಲ್ಲ. ನೀನು ಕೆಳಗೆ ಓಡಿ ಬಂದಾಗ ಗಲ್ಲ ಹಿಡಿದು ನೋಡಿದ್ದು ಅದಕ್ಕೇ. ಟ್ರಂಪೆಟ್ ಊದಿದ ಉಳಿದ ಮಕ್ಕಳ ತುಟಿಯ ಮೇಲೆಲ್ಲ ಕೆಂಪಗೆ ಒಂದು ಉಂಗುರ ಒತ್ತಿತ್ತು. ನಿನ್ನ ತುಟಿಯ ಮೇಲೆ ಮುಲಾಮು ಇನ್ನೂ ಹಾಗೆಯೇ ಇತ್ತು.

ಮೇಷ್ಟ್ರು ಸುಮ್ಮನೆ ಹಿಡಿದುಕೊಂಡು ನಿಲ್ಲು, ಊದಬೇಡ ಅಂದಿರಬೇಕು. ಅವರ ಮೇಲೆ ಸಿಟ್ಟಿಲ್ಲ, ಒಂದು ತಿಂಗಳಲ್ಲಿ ಯಾರು ತಾನೇ ಕಲಿತಾರು? ನಿನ್ನ ಮೂರು ತಿಂಗಳನ್ನು ಚಕ್ರಕ್ಕೆ ಹಿಡಿದು ಸವೆಸಿದವನು ನಾನು. ನೀನು ಯಾರಿಗೂ ಹೇಳಲಿಲ್ಲ, ಅಮ್ಮನಿಗೂ ಹೇಳಲಿಲ್ಲ. ಅಷ್ಟು ಜನರ ಮುಂದೆ, ಒಡೆದ ತುಟಿ ಇಟ್ಟುಕೊಂಡು, ನಾನು ನೋಡುತ್ತೇನೆಂದು ಬೆರಳಾಡಿಸುತ್ತ ನಿಂತೆ. ಕಿವಿ ಇದ್ದವರೆಲ್ಲ ನೀನೂ ಊದುತ್ತಿದ್ದೀ ಎಂದೇ ನಂಬಿದರು. ಊದುತ್ತಿಲ್ಲ ಎಂದು ಆ ಸಭೆಯಲ್ಲಿ ಕೂತವರಲ್ಲಿ ತಿಳಿದಿದ್ದವನು ನಾನೊಬ್ಬನೇ. ಬಸ್ಸಿನಲ್ಲಿ ಇಡೀ ದಾರಿ ಅತ್ತೆ. ಪಕ್ಕದಲ್ಲಿದ್ದವರು ಏನೋ ಕೇಳಿದರು, ಅವರಿಗೂ ಹೂಂ ಅಂದೆ.

ಅಮ್ಮನಿಗೆ ಇದನ್ನು ತೋರಿಸಬೇಡ. ಚೆನ್ನಾಗಿ ಊದಿದೆ ಎಂದುಕೊಂಡಿದ್ದಾಳೆ, ಅವಳಿಗೆ ಅಷ್ಟಾದರೂ ಇರಲಿ.

ಆ ಬಾಡಿಗೆಯ ಟ್ರಂಪೆಟ್ ವಾಪಸ್ ಕೊಡಬೇಡ, ಬಾಡಿಗೆ ನಾನು ಕಳಿಸುತ್ತೇನೆ. ತುಟಿ ವಾಸಿಯಾಗುವವರೆಗೆ ಅದನ್ನು ಮುಟ್ಟಬೇಡ. ಆಮೇಲೆ ದಿನಕ್ಕೆ ಅರ್ಧ ಗಂಟೆ ಊದಿದರೆ ಸಾಕು. ಇಷ್ಟು ದಿನ ನನ್ನ ಕಿವಿಯ ಹಿಂದೆ ಓಡಿದೆ, ಇನ್ನು ಓಡಬೇಕಾಗಿಲ್ಲ. ನಿಧಾನವಾಗಿ ಕಲಿ ಮಗಳೇ, ಈಗ ಏನೂ ಅವಸರವಿಲ್ಲ.

ಅಪ್ಪ